ಒಂದು ಟ್ಯೂಬ್, 290 ವೋಲ್ಟ್, ಒಂದು ಕೆಟ್ಟ ಸೋಲ್ಡರ್

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂರು ಜನ ದುಡ್ಡು ಹಾಕಿ ಒಂದು ಟ್ಯೂಬ್ ಪ್ರೀಆಂಪ್ಲಿಫೈಯರ್ ಕಿಟ್ ತರಿಸಿದ್ವಿ. ಜೋಡಿಸಿದ್ದು ನಮ್ಮಲ್ಲೊಬ್ಬನ ಮನೆಯ ಊಟದ ಟೇಬಲ್ ಮೇಲೆ. "ಟ್ಯೂಬ್ ಅಂದ್ರೆ ಟ್ಯೂಬ್‌ಲೈಟಾ?" ಅಂತ ಅವನ ಅಮ್ಮ ಕೇಳಿದರು. ಪಕ್ಕದಲ್ಲೇ ಕೂತಿದ್ದ ತಾತ ಆ ಗಾಜಿನ ಟ್ಯೂಬನ್ನ ಕೈಗೆ ತಗೊಂಡು ನೋಡಿ, "ಇದು ವಾಲ್ವ್ ಕಣ್ರೋ. ನಮ್ಮ ರೇಡಿಯೋದಲ್ಲಿ ಇಂಥವೇ ಇದ್ವು. ಸ್ವಿಚ್ ಹಾಕಿ ಬಿಸಿ ಆಗೋವರೆಗೂ ಕಾಯ್ಬೇಕಿತ್ತು" ಅಂದರು.

ಈ ವಾಲ್ವ್‌ಗಳು ನಮ್ಮೂರಿಗೆ ಹೊಸದೇನಲ್ಲ. ಬೆಂಗಳೂರಿನ ಬಿಇಎಲ್ 1961ರಲ್ಲೇ ರೇಡಿಯೋ ವಾಲ್ವ್‌ಗಳನ್ನ ತಯಾರಿಸೋಕೆ ಶುರು ಮಾಡಿತ್ತು. ನಮಗೆ ಮಾತ್ರ ಸಿಲಬಸ್ ನೇರವಾಗಿ ಡಯೋಡ್, ಟ್ರಾನ್ಸಿಸ್ಟರ್‌ನಿಂದ ಶುರುವಾಗೋದ್ರಿಂದ, ಅದಕ್ಕಿಂತ ಮೊದಲು ಏನಿತ್ತು ಅಂತ ಗೊತ್ತಿರಲಿಲ್ಲ.

ಟ್ಯೂಬ್ ಒಳಗೆ ಏನಾಗುತ್ತೆ?

ನಮ್ಮ ಕಿಟ್‌ನಲ್ಲಿದ್ದದ್ದು 12ಎಯು7. ಯುರೋಪಿನಲ್ಲಿ ಇದಕ್ಕೇ ಇಸಿಸಿ82 ಅಂತಾರೆ. ಒಂದೇ ಗಾಜಿನೊಳಗೆ ಎರಡು ಟ್ರಯೋಡ್ ಇರುತ್ತವೆ, ಹಾಗಾಗಿ ಲೆಫ್ಟ್‌ಗೆ ಒಂದು, ರೈಟ್‌ಗೆ ಒಂದು. ಪ್ರತಿ ಟ್ರಯೋಡ್‌ನಲ್ಲಿ ಮೂರು ಭಾಗ: ಕ್ಯಾಥೋಡ್, ಗ್ರಿಡ್, ಆನೋಡ್. ಹೀಟರ್ ತಂತಿ ಕ್ಯಾಥೋಡನ್ನ ಕೆಂಪಗೆ ಕಾಯಿಸಿದಾಗ ಅದರಿಂದ ಎಲೆಕ್ಟ್ರಾನ್‌ಗಳು ಹೊರಗೆ ಬರುತ್ತವೆ. ಪಾಸಿಟಿವ್ ವೋಲ್ಟೇಜ್ ಇರೋ ಆನೋಡ್ ಅವನ್ನ ಎಳೆದುಕೊಳ್ಳುತ್ತೆ. ಮಧ್ಯದ ಗ್ರಿಡ್ ಕ್ಯಾಥೋಡ್‌ಗಿಂತ ಸ್ವಲ್ಪ ನೆಗೆಟಿವ್ ಇದ್ದು, ನಲ್ಲಿ ತಿರುಗಿಸಿದ ಹಾಗೆ ಆ ಹರಿವನ್ನ ಕಡಿಮೆ, ಜಾಸ್ತಿ ಮಾಡುತ್ತೆ. 1904ರಲ್ಲಿ ಫ್ಲೆಮಿಂಗ್ ಮಾಡಿದ್ದು ಎರಡು ಭಾಗದ ಡಯೋಡ್. ಮೂರನೆಯದನ್ನ 1906ರಲ್ಲಿ ಲೀ ಡಿ ಫಾರೆಸ್ಟ್ ಸೇರಿಸಿದ ಮೇಲೆ ಆಂಪ್ಲಿಫೈ ಮಾಡೋದು ಸಾಧ್ಯವಾಯ್ತು.

ಎನ್-ಚಾನೆಲ್ ಜೆಫೆಟ್ ಓದಿದವರಿಗೆ ಇದು ಸುಲಭ. ಸೋರ್ಸ್ ಜಾಗದಲ್ಲಿ ಕ್ಯಾಥೋಡ್, ಗೇಟ್ ಜಾಗದಲ್ಲಿ ಗ್ರಿಡ್, ಡ್ರೇನ್ ಜಾಗದಲ್ಲಿ ಆನೋಡ್ ಅಂದ್ಕೊಳ್ಳಿ. ದೊಡ್ಡ ವ್ಯತ್ಯಾಸ ಒಂದೇ. ಲ್ಯಾಬ್‌ನಲ್ಲಿ ನಾವು 12 ವೋಲ್ಟ್ ಜೊತೆ ಆಟ ಆಡ್ತೀವಿ, ಇಲ್ಲಿ ಇರೋದು 250 ವೋಲ್ಟ್ ಡಿಸಿ.

ಜೋಡಿಸುವಾಗ

ಮೊದಲು ರೆಸಿಸ್ಟರ್, ಆಮೇಲೆ ಟ್ಯೂಬ್ ಸಾಕೆಟ್, ಕೊನೆಗೆ ದೊಡ್ಡ ಕೆಪಾಸಿಟರ್‌ಗಳು. ಬಣ್ಣದ ಪಟ್ಟಿ ನೋಡಿ ನಂಬದೆ ಪ್ರತಿ ರೆಸಿಸ್ಟರನ್ನೂ ಮೀಟರ್‌ನಲ್ಲಿ ಅಳೆದು ಹಾಕಿದ್ವಿ. ಒಂದು ಎಚ್ಚರಿಕೆ: ಒಂಬತ್ತು ಪಿನ್‌ನ ಸಾಕೆಟನ್ನ ಕೆಳಗಿನಿಂದ ನೋಡಿದಾಗ ಮಾತ್ರ ನಂಬರ್‌ಗಳು ಗಡಿಯಾರದ ದಿಕ್ಕಲ್ಲಿ ಹೋಗುತ್ತವೆ. ಮೇಲಿನಿಂದ ನೋಡಿದ್ರೆ ಉಲ್ಟಾ.

ಔಟ್‌ಪುಟ್‌ಗೆ ಹೋಗೋ ಕಪ್ಲಿಂಗ್ ಕೆಪಾಸಿಟರ್ 400 ವೋಲ್ಟ್‌ದು ಇತ್ತು. ಆನೋಡ್‌ನಲ್ಲಿ ಇರೋದೇ ನೂರು ಚಿಲ್ಲರೆ ವೋಲ್ಟ್, ಇಷ್ಟು ದೊಡ್ಡದು ಯಾಕೆ ಅಂತ ನಮಗೂ ಅನ್ನಿಸ್ತು. ಕಾರಣ ಇದೆ. ಸ್ವಿಚ್ ಹಾಕಿದ ತಕ್ಷಣ ಟ್ಯೂಬ್ ತಣ್ಣಗಿರುತ್ತೆ, ಕರೆಂಟ್ ಹರಿಯಲ್ಲ. ಆಗ ಆನೋಡ್ ರೆಸಿಸ್ಟರ್‌ನಲ್ಲಿ ಡ್ರಾಪ್ ಇಲ್ಲದೆ ಸಪ್ಲೈನ ಪೂರ್ತಿ ವೋಲ್ಟೇಜ್ ಆ ಕೆಪಾಸಿಟರ್ ಮೇಲೆ ಬರುತ್ತೆ.

ಆ ಕೆಟ್ಟ ಸೋಲ್ಡರ್

ಟ್ಯೂಬ್ ಹಾಕದೆ ಬರೀ ಪವರ್ ಸಪ್ಲೈ ಟೆಸ್ಟ್ ಮಾಡಿ ಅಂತ ಕಿಟ್‌ನ ಹಾಳೆಯಲ್ಲಿ ಬರೆದಿತ್ತು. ಟ್ರಾನ್ಸ್‌ಫಾರ್ಮರ್ ಕೊಡೋದು 200 ವೋಲ್ಟ್ ಎಸಿ. ಅದನ್ನ 1.414ರಿಂದ ಗುಣಿಸಿದ್ರೆ ಸುಮಾರು 283. ಲೋಡ್ ಇಲ್ಲದ್ದರಿಂದ ಮೀಟರ್ 290 ತೋರಿಸ್ತು. ಖುಷಿಯಾಯ್ತು, ಪ್ಲಗ್ ಕಿತ್ತಿದ್ವಿ.

ಫಿಲ್ಟರ್‌ನಲ್ಲಿ 47 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್ ಇವೆ, ಒಟ್ಟು 94. ಅವು ಖಾಲಿಯಾಗಲಿ ಅಂತಲೇ 220 ಕಿಲೋಓಮ್‌ನ ಒಂದು ಬ್ಲೀಡರ್ ರೆಸಿಸ್ಟರ್ ಇದೆ. ಟೈಮ್ ಕಾನ್‌ಸ್ಟಂಟ್ ಸುಮಾರು 21 ಸೆಕೆಂಡ್. ಅದರ ಐದು ಪಟ್ಟು, ಅಂದ್ರೆ ಒಂದೂಮುಕ್ಕಾಲು ನಿಮಿಷದಲ್ಲಿ 2 ವೋಲ್ಟ್ ಉಳಿಯಬೇಕು. ನಾವು ಎರಡು ನಿಮಿಷ ಕಾದ್ವಿ. ಒಬ್ಬ ಬೋರ್ಡ್ ಎತ್ತೋಕೆ ಕೈ ಚಾಚಿದ್ದ. ಅಷ್ಟರಲ್ಲಿ ತಾತ, "ಅಳೆದು ನೋಡಿದ್ರೇನಪ್ಪಾ?" ಅಂದರು.

ಮೀಟರ್ 274 ತೋರಿಸ್ತು.

ಪ್ಲಗ್ ಗೋಡೆಯಲ್ಲಿಲ್ಲ, ದೀಪ ಉರೀತಿಲ್ಲ, ಬೋರ್ಡ್ ನೋಡೋಕೆ ಸತ್ತ ಹಾಗೇ ಇದೆ. ಆದರೂ ಅದರಲ್ಲಿ ಸುಮಾರು ಮೂರೂವರೆ ಜೂಲ್ ಕೂತಿತ್ತು. ಅಷ್ಟು ಚಾರ್ಜ್ ಒಂದು ಕೈಯಿಂದ ಇನ್ನೊಂದು ಕೈಗೆ, ಅಂದ್ರೆ ಎದೆ ಮೂಲಕ ಹೋದ್ರೆ ಅದು ತಮಾಷೆ ಅಲ್ಲ. ನಾವು ಮೂವರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

10 ಕಿಲೋಓಮ್, 5 ವಾಟ್ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಕ್ಲಿಪ್ ಸಿಕ್ಕಿಸಿ ಡಿಸ್ಚಾರ್ಜ್ ಮಾಡಿದ್ವಿ. ಐದಾರು ಸೆಕೆಂಡ್ ಸಾಕು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡೋ ಸಾಹಸ ಬೇಡ, ಕಿಡಿ ಹಾರುತ್ತೆ, ಕೆಪಾಸಿಟರ್ ಕೂಡ ಹಾಳಾಗಬಹುದು. ಬೋರ್ಡ್ ತಿರುಗಿಸಿ ನೋಡಿದ್ರೆ ಬ್ಲೀಡರ್‌ನ ಒಂದು ಕಾಲಿನ ಸುತ್ತ ಸೋಲ್ಡರ್ ಉಂಡೆಯಾಗಿ ಕೂತಿತ್ತೇ ಹೊರತು ಕಾಲಿಗೆ ಹಿಡಿದೇ ಇರಲಿಲ್ಲ. ಡ್ರೈ ಜಾಯಿಂಟ್. ಇಷ್ಟೆಲ್ಲಾ ಆಗಿದ್ದು ಅಲ್ಲಿಂದ.

ಆಮೇಲೆ ಕೂತು ಯೋಚಿಸಿದಾಗ ಇನ್ನೊಂದು ವಿಷಯ ಹೊಳೀತು. ಟ್ಯೂಬ್ ಹಾಕಿ ಟೆಸ್ಟ್ ಮಾಡಿದ್ರೆ ಈ ತಪ್ಪು ಗೊತ್ತೇ ಆಗ್ತಿರಲಿಲ್ಲ. ಪವರ್ ತೆಗೆದ ಮೇಲೂ ಕ್ಯಾಥೋಡ್ ಸ್ವಲ್ಪ ಹೊತ್ತು ಬಿಸಿ ಇರುತ್ತೆ, ಟ್ಯೂಬೇ ಕೆಪಾಸಿಟರ್‌ಗಳನ್ನ ಖಾಲಿ ಮಾಡಿಬಿಡುತ್ತೆ. ಎಲ್ಲ ಸರಿಯಿದೆ ಅಂತ ನಾವು ಡಬ್ಬಿ ಮುಚ್ಚಿರ್ತಿದ್ವಿ. ಮುಂದೊಂದು ದಿನ ಹೀಟರ್ ಸುಟ್ಟುಹೋಗಿ, ಟ್ಯೂಬ್ ಬದಲಾಯಿಸೋಕೆ ಡಬ್ಬಿ ಬಿಚ್ಚಿದಾಗ ಆ 290 ವೋಲ್ಟ್ ಅಲ್ಲೇ ಕಾಯ್ತಾ ಇರ್ತಿತ್ತು.

ಲೆಕ್ಕ ತಾಳೆಯಾದಾಗ

ಜಾಯಿಂಟ್ ಸರಿ ಮಾಡಿ, ಮತ್ತೆ ಟೆಸ್ಟ್ ಮಾಡಿ, ಟ್ಯೂಬ್ ಹಾಕಿದ್ವಿ. ಅರ್ಧ ನಿಮಿಷದಲ್ಲಿ ಹೀಟರ್ ಕಿತ್ತಳೆ ಬಣ್ಣಕ್ಕೆ ಬಂತು. ಸಪ್ಲೈ 250ಕ್ಕೆ ಇಳೀತು. ಕ್ಯಾಥೋಡ್‌ನಲ್ಲಿ 3.6 ವೋಲ್ಟ್. ಕ್ಯಾಥೋಡ್ ರೆಸಿಸ್ಟರ್ 1.2 ಕಿಲೋಓಮ್, ಹಾಗಾದ್ರೆ ಕರೆಂಟ್ 3 ಮಿಲಿಆಂಪ್. ಅದೇ ಕರೆಂಟ್ 47 ಕಿಲೋಓಮ್‌ನ ಆನೋಡ್ ರೆಸಿಸ್ಟರ್‌ನಲ್ಲಿ 141 ವೋಲ್ಟ್ ಡ್ರಾಪ್ ಮಾಡುತ್ತೆ. 250ರಿಂದ 141 ಕಳೆದ್ರೆ 109. ಮೀಟರ್‌ನಲ್ಲಿ ಒಂದು ಕಡೆ 106, ಇನ್ನೊಂದು ಕಡೆ 111 ಬಂತು. ಸರ್ಕ್ಯೂಟನ್ನ ಎಲ್ಲೂ ಕತ್ತರಿಸದೆ, ಬರೀ ಓಮ್ಸ್ ಲಾದಿಂದ ಒಳಗಿನ ಕರೆಂಟ್ ಗೊತ್ತಾಯ್ತು. ಪರೀಕ್ಷೆಯಲ್ಲಿ ಎಷ್ಟೋ ಸಲ ಬಯಾಸಿಂಗ್ ಲೆಕ್ಕ ಮಾಡಿದ್ದೀವಿ, ಆದರೆ ಅದು ನಿಜ ಅಂತ ಅನ್ನಿಸಿದ್ದು ಆವತ್ತೇ.

ಫೋನ್ ಕನೆಕ್ಟ್ ಮಾಡಿದ್ರೆ ಹಾಡಿನ ಜೊತೆ 'ಗುಂ' ಅನ್ನೋ ಸದ್ದೂ ಬಂತು. ಇದಕ್ಕೊಂದು ಉಪಾಯ ಇದೆ. ಸದ್ದು 50 ಹರ್ಟ್ಜ್ ಇದ್ರೆ ಸಾಮಾನ್ಯವಾಗಿ ಹೀಟರ್ ತಂತಿ ಅಥವಾ ಟ್ರಾನ್ಸ್‌ಫಾರ್ಮರ್ ಕಡೆ ನೋಡಬೇಕು, 100 ಇದ್ರೆ ರೆಕ್ಟಿಫೈಯರ್, ಫಿಲ್ಟರ್ ಕಡೆ. ಫೋನಿನ ಸ್ಪೆಕ್ಟ್ರಮ್ ಆಪ್‌ನಲ್ಲಿ ನಮ್ಮದು 50 ಅಂತ ಬಂತು. ಹೀಟರ್‌ನ ಎರಡೂ ತಂತಿಯನ್ನ ಜಡೆ ಹಾಕಿದ ಹಾಗೆ ಸುತ್ತಿ, ಸಿಗ್ನಲ್ ತಂತಿಯಿಂದ ದೂರ ಇಟ್ಟ ಮೇಲೆ ಸದ್ದು ಹೆಚ್ಚುಕಮ್ಮಿ ಹೋಯ್ತು.

ನಿಜ ಹೇಳಬೇಕಂದ್ರೆ, ಇದೇ ಕೆಲಸವನ್ನ ಒಂದು ಸಣ್ಣ ಆಪ್-ಆಂಪ್ ಕಡಿಮೆ ದುಡ್ಡಲ್ಲಿ, ಕಡಿಮೆ ಡಿಸ್ಟಾರ್ಷನ್‌ನಲ್ಲಿ ಮಾಡುತ್ತೆ. ಟ್ಯೂಬ್‌ನಲ್ಲಿ ಹಾಡು ಮಧುರ ಅಂತ ಕೆಲವರು ಹೇಳ್ತಾರೆ. ನಮ್ಮಲ್ಲಿ ಇಬ್ಬರಿಗೆ ಹಾಗನ್ನಿಸ್ತು, ಒಬ್ಬನಿಗೆ ಇಲ್ಲ. ಆದ್ರೆ ಒಂದು ಆಂಪ್ಲಿಫೈಯರ್ ಹೇಗೆ ಕೆಲಸ ಮಾಡುತ್ತೆ ಅಂತ ನಮಗೆ ಕಲಿಸಿದ್ದು ಇದೇ.

ನೀವೂ ಮಾಡೋದಾದ್ರೆ ಒಬ್ಬರೇ ಇದ್ದಾಗ ಮಾಡಬೇಡಿ. ಪವರ್ ಇದ್ದಾಗ ಅಳೆಯುವಾಗ ಒಂದು ಕೈ ಜೇಬಲ್ಲಿರಲಿ. ಹಳೇ ಕಾಲದ ರೇಡಿಯೋ ರಿಪೇರಿಯವರೂ ಹಾಗೇ ಮಾಡ್ತಿದ್ರಂತೆ, ತಾತ ಹೇಳಿದ್ದು. ನಮ್ಮ ಡಬ್ಬಿಯ ಮುಚ್ಚಳದ ಒಳಗೆ ಈಗ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದೀವಿ: ಅಳೆದು ಮುಟ್ಟು.