ಬೇಸಿಗೆ ಶಿಬಿರ: ಬಾಗಿಲು ತೆರೆಯುವ ಮುನ್ನದ ಲೆಕ್ಕ

ರಾಜ್ಯದ ಶಾಲೆಗಳಿಗೆ ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಆರಂಭವಾದರೂ ಮಕ್ಕಳ ಶಿಬಿರಗಳ ಸಿದ್ಧತೆ ಬಹಳ ಮೊದಲೇ ಶುರುವಾಗಿರುತ್ತದೆ. ನೀರಿನ ತೊಟ್ಟಿಯ ಶುಚಿ, ಶೌಚಾಲಯದ ದುರಸ್ತಿ, ಅಡುಗೆಯವರ ನೇಮಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತರಬೇತುದಾರರ ಪೂರ್ವಾಪರ ವಿಚಾರಣೆ ಎಲ್ಲಕ್ಕೂ ಹಣ ಬೇಕು. ಸಣ್ಣ ಸಂಘಟಕರಿಗೆ ಆ ಹಣ ಪೋಷಕರ ಮುಂಗಡ ಶುಲ್ಕವೇ. ತೊಡಕಿರುವುದೂ ಅಲ್ಲಿಯೇ.

ಮರ್ಕಂಟೈಲ್ ಪದ್ಧತಿಯಲ್ಲಿ ಲೆಕ್ಕವಿಡುವವರಿಗೆ, ಮಾರ್ಚ್ 31ರೊಳಗೆ ಕೈಸೇರಿದ ಮುಂಗಡವು ಆ ವರ್ಷದ ಆದಾಯವಲ್ಲ. ಶಿಬಿರ ನಡೆಯುವವರೆಗೆ ಅದು ಹೊಣೆ. ಆದರೆ ಜಿಎಸ್‌ಟಿ ನೋಂದಾಯಿತರು ತೆರಿಗೆಗೊಳಪಡುವ ಸೇವೆಗೆ ಮುಂಗಡ ಪಡೆದರೆ, ಹಣ ಬಂದಾಗಲೇ ತೆರಿಗೆಯ ಬಾಧ್ಯತೆ ಹುಟ್ಟುತ್ತದೆ. ಸರಕಿನ ಮುಂಗಡಕ್ಕೆ 2017ರ ನವೆಂಬರ್‌ನಲ್ಲಿ ದೊರೆತ ವಿನಾಯಿತಿ ಸೇವೆಗಿಲ್ಲ. ಚಿತ್ರಕಲೆ, ನಾಟಕ ಕಲಿಸುವುದರಿಂದ ತೆರಿಗೆಯಿಲ್ಲವೆಂಬ ನಂಬಿಕೆಯೂ ಈಗ ಅಪಾಯಕಾರಿ: 2022ರ ಜುಲೈ 18ರಿಂದ, ಕಲೆ ಮತ್ತು ಸಂಸ್ಕೃತಿಯ ಹವ್ಯಾಸ ತರಬೇತಿಗಿರುವ ವಿನಾಯಿತಿಯು ಅದನ್ನು ವ್ಯಕ್ತಿಯೊಬ್ಬರು ನೀಡಿದಾಗ ಮಾತ್ರ ಅನ್ವಯ, ಸಂಸ್ಥೆಗಳಿಗಲ್ಲ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಜಾರಿಯಾದಾಗ ಆ ಬೇಸಿಗೆಯ ಶಿಬಿರಗಳ ಮಾತೇ ಉಳಿಯಲಿಲ್ಲ. ಮುಂಗಡವನ್ನು ಡೇರೆ, ಪಾತ್ರೆಗಳಿಗೆ ಸುರಿದಿದ್ದವರು ಪೋಷಕರಿಗೆ ಮರಳಿಸುವುದಾದರೂ ಎಲ್ಲಿಂದ?

ಆದ್ದರಿಂದ ಮುಂಗಡಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಸಿದ್ಧತೆಯ ವೆಚ್ಚವನ್ನು ಸಾಧ್ಯವಾದಷ್ಟೂ ಸ್ವಂತ ಬಂಡವಾಳದಿಂದ ಭರಿಸುವುದು ಕ್ಷೇಮ. ಮರುಪಾವತಿಯ ನಿಯಮವನ್ನು ರಸೀದಿಯಲ್ಲೇ ಮುದ್ರಿಸಬೇಕು. ತೆರಿಗೆ ಸೇರಿಸಿ ಪಡೆದ ಮುಂಗಡಕ್ಕೆ ರಸೀದಿ ವೋಚರ್, ಇನ್‌ವಾಯ್ಸ್ ನೀಡುವ ಮೊದಲೇ ಶಿಬಿರ ರದ್ದಾಗಿ ಹಣ ಮರಳಿಸಿದರೆ ಮರುಪಾವತಿ ವೋಚರ್ ನೀಡತಕ್ಕದ್ದು.