ಹದಿನೈದು ಬೈಟುಗಳ ಕುಂಸಿ

ಕುಂಸಿ ಹೋಬಳಿಯ ಕೃಷಿಕನೊಬ್ಬನು ತನ್ನ ತೋಟದ ಅಡಿಕೆಯನ್ನು ಶಿವಮೊಗ್ಗದ ಮಂಡಿಗೆ ತಂದಿಳಿಸಿದನೆಂದರೆ, ಅವನ ಹೆಸರು, ಊರು, ಅಡಿಕೆಯು ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂಬ ವಿವರ, ತೂಕ, ಧಾರಣೆ, ಹಿಂದೆ ಪಡೆದ ಮುಂಗಡ, ಇವೆಲ್ಲವೂ ಎಲ್ಲಿಯಾದರೂ ದಾಖಲಾಗಲೇಬೇಕು. ಒಂದು ಕಾಲದಲ್ಲಿ ಖಾತೆ ಪುಸ್ತಕಗಳು ನಿರ್ವಹಿಸುತ್ತಿದ್ದ ಈ ಕಾರ್ಯವನ್ನು ಈಗ ಗಣಕದೊಳಗಿನ ಡೇಟಾಬೇಸ್, ಅಂದರೆ ದತ್ತಸಂಚಯ, ವಹಿಸಿಕೊಂಡಿದೆ. ಚಕ್ರವಾಗಲಿ ಸನ್ನೆಯಾಗಲಿ ಇಲ್ಲದೆ ಆದೇಶಗಳಿಂದಲೇ ನಿರ್ಮಿತವಾದ ಇದನ್ನೂ ಯಂತ್ರವೆಂದೇ ಕರೆಯಬೇಕು; ಏಕೆಂದರೆ ಇದರ ಭಾಗಗಳೂ ಒಂದನ್ನೊಂದು ಹಿಡಿದುಕೊಂಡೇ ಚಲಿಸುತ್ತವೆ.

ಬೆಳೆಗಾರರದೊಂದು ಕೋಷ್ಟಕ, ಮಾರಾಟದ್ದೊಂದು ಕೋಷ್ಟಕ, ಇವೆರಡನ್ನೂ ಬೆಸೆಯುವ ಒಂದು ಸಂಖ್ಯೆ: ದತ್ತವನ್ನು ಹೀಗೆ ಕೋಷ್ಟಕಗಳ ಸಂಬಂಧವಾಗಿ ಕಾಣಬೇಕೆಂಬ ತತ್ತ್ವವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಪ್ರತಿಪಾದಿಸಿದನು. ತೂಕವು ದಾಖಲಾಗಿ, ಹಣವು ಖಾತೆಗೆ ಸೇರುವ ಮುನ್ನ ವಿದ್ಯುತ್ತು ಹೋದರೆ, ಎರಡನ್ನೂ ನಡೆದೇ ಇಲ್ಲವೆಂಬಂತೆ ಹಿಂತೆಗೆಯುವ ಪ್ರಾಮಾಣಿಕತೆಯನ್ನೂ ಈ ಯಂತ್ರಕ್ಕೆ ಕಲಿಸಲಾಗಿದೆ. 1979ರಲ್ಲಿ ಒರಾಕಲ್ ಇದನ್ನು ವಾಣಿಜ್ಯದ ಸರಕಾಗಿ ಮಾರುಕಟ್ಟೆಗೆ ತಂದಿತು. ಇತ್ತ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಪೋಸ್ಟ್‌ಗ್ರೆಸ್ ಎಂಬ ಸಂಶೋಧನೆಯು, 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರು ತಳೆದು, ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶವಾಯಿತು. ಮೊದಲನೆಯದರಲ್ಲಿ ದಾಖಲೆಯು ನಮ್ಮದಾದರೂ ಪೆಟ್ಟಿಗೆಯ ಬೀಗದ ಕೈ ಪರರ ವಶದಲ್ಲಿರುತ್ತದೆ. ಎರಡನೆಯದಕ್ಕೆ ಪರವಾನಗಿಯ ಶುಲ್ಕವಿಲ್ಲ. ಆದರೆ ಅದನ್ನು ಬಲ್ಲ ಕುಶಲರ ಸಂಬಳ ತಪ್ಪಿದ್ದಲ್ಲ, ಮತ್ತು ಆ ಹಣವು ಊರಿನ ತರುಣರ ವಿದ್ಯೆಗೆ ಸಲ್ಲುವುದಾದರೆ ಅದನ್ನು ವ್ಯಯವೆಂದು ನಾನು ಎಣಿಸಲಾರೆ.

ಹಾಗಿದ್ದರೆ ಸಂಸ್ಥೆಗಳು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಏಕೆ ಹೋಗಲಾರವು? ದತ್ತವನ್ನು ಸಾಗಿಸುವುದು ಕಷ್ಟವಲ್ಲ. ಹಳೆಯ ಯಂತ್ರದ ಅಭ್ಯಾಸಗಳನ್ನು ಗುರುತಿಸುವುದೇ ಕಷ್ಟ. ಕುಂಸಿ ಎಂಬ ಹೆಸರನ್ನೇ ನೋಡೋಣ. ನಮ್ಮ ಕಣ್ಣಿಗೆ ಇದು ಎರಡಕ್ಷರ. 1991ರಿಂದ ಕನ್ನಡಕ್ಕೂ ಸ್ಥಾನವಿತ್ತಿರುವ ಯೂನಿಕೋಡಿನಲ್ಲಿ ಇದು ಕಕಾರ, ಉಕಾರ, ಅನುಸ್ವಾರ, ಸಕಾರ, ಇಕಾರಗಳೆಂಬ ಐದು ಸಂಕೇತಗಳು. ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕಾಗಿ, ಒಟ್ಟು ಹದಿನೈದು. ಮೂವತ್ತರ ಅಳತೆಯ ಅಂಕಣವೊಂದನ್ನು ಒರಾಕಲ್ ವಿಶೇಷ ಸೂಚನೆಯಿಲ್ಲದಿದ್ದಲ್ಲಿ ಮೂವತ್ತು ಬೈಟುಗಳೆಂದು ತಿಳಿಯುತ್ತದೆ. ಪೋಸ್ಟ್‌ಗ್ರೆಸ್ ಮೂವತ್ತು ಸಂಕೇತಗಳೆಂದು ತಿಳಿಯುತ್ತದೆ. ಇಂಗ್ಲಿಷಿನ ಹೆಸರುಗಳಲ್ಲಿ ಈ ಭೇದವು ಎಂದೂ ಕಾಣಿಸಿಕೊಳ್ಳದು. ಕನ್ನಡದಲ್ಲಾದರೋ, ಎರಡು ಕುಂಸಿಗಳಿಗೇ ಮೊದಲನೆಯ ಅಂಕಣ ತುಂಬಿಹೋಗುತ್ತದೆ. ಇನ್ನು ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟಂಕಿಸಿದ ದಾಖಲೆಗಳಿದ್ದರಂತೂ, ಅಲ್ಲಿ ಅಕ್ಷರದ ತುಂಡುಗಳ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿರುವುದರಿಂದ, ಸ್ಥಾನಾಂತರದ ಹಾದಿಯಲ್ಲೇ ಅವುಗಳನ್ನು ನಿಜವಾದ ಕನ್ನಡಕ್ಕೆ ಪರಿವರ್ತಿಸಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಶೂನ್ಯದ ವಿಚಾರ. ಬೆಳೆಗಾರನಿಗೆ ದೂರವಾಣಿ ಇಲ್ಲವೆಂಬುದು ಬೇರೆ, ಇದೆಯೋ ಇಲ್ಲವೋ ತಿಳಿಯದೆಂಬುದು ಬೇರೆ. ಒರಾಕಲ್ ಬರಿದಾದ ಬರೆಹವನ್ನೂ ಅಜ್ಞಾತವನ್ನೂ ಒಂದೇ ಎಂದು ಗ್ರಹಿಸುತ್ತದೆ. ಪೋಸ್ಟ್‌ಗ್ರೆಸ್ ಎರಡನ್ನೂ ಪ್ರತ್ಯೇಕಿಸುತ್ತದೆ. ಈ ಭೇದವನ್ನು ಗಮನಿಸದೆ ಸಾಗಿಸಿದ ಸಂಸ್ಥೆಯಲ್ಲಿ ಯಾವ ದೋಷಸೂಚನೆಯೂ ಬಾರದೆಯೇ ಲೆಕ್ಕದ ಪಟ್ಟಿಗಳು ತಪ್ಪಬಹುದು. ಹಳೆಯ ಯಂತ್ರದೊಳಗೆ ಅದರದೇ ಭಾಷೆಯಲ್ಲಿ ಬರೆದಿಟ್ಟ ಬಡ್ಡಿ, ಕಮಿಷನ್ನುಗಳ ಸೂತ್ರಗಳನ್ನೂ ಹೊಸದಾಗಿ ಬರೆಯಬೇಕು; ಸಾಧನಗಳು ಬಹುಪಾಲು ಪರಿವರ್ತನೆಯನ್ನು ತಾವೇ ಮಾಡಿಕೊಟ್ಟರೂ, ಉಳಿದ ಭಾಗಕ್ಕೆ ಮನುಷ್ಯನ ವಿವೇಚನೆಯೇ ಬೇಕು.

ಬೃಹತ್ ಪ್ರಮಾಣದಲ್ಲಿಯೂ ಇದು ಸಾಧ್ಯವೆಂಬುದಕ್ಕೆ ಅಮೆಜಾನ್ ನಿದರ್ಶನ. 2019ರಲ್ಲಿ ಅದು ತನ್ನ ಗ್ರಾಹಕ ವಹಿವಾಟಿನ ಸುಮಾರು 7,500 ಒರಾಕಲ್ ದತ್ತಸಂಚಯಗಳಲ್ಲಿದ್ದ 75 ಪೆಟಾಬೈಟ್ ದತ್ತವನ್ನು ತನ್ನದೇ ಸೇವೆಗಳಿಗೆ ಸಾಗಿಸಿ ಮುಗಿಸಿತು. ಅವುಗಳಲ್ಲಿ ಪೋಸ್ಟ್‌ಗ್ರೆಸ್‌ಗೆ ಹೊಂದುವಂಥದೂ ಇತ್ತು. ಆದರೆ ತಾಳೆ ನೋಡುವ ಶಿಸ್ತಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಕಾಗದದಿಂದ ಗಣಕಕ್ಕೆ ತಂದಾಗ, ಮುದ್ರಿತ ಪ್ರತಿಗಳನ್ನು ಗ್ರಾಮ ಲೆಕ್ಕಿಗರು ಕೈಬರಹದ ಮೂಲದೊಡನೆ ಹೋಲಿಸಿ ನೋಡಬೇಕಾಗಿತ್ತು. ಯಂತ್ರದಿಂದ ಯಂತ್ರಕ್ಕೆ ಸಾಗಿಸುವಲ್ಲಿಯೂ ಅದೇ ಕ್ರಮ: ಸಾಲುಗಳ ಸಂಖ್ಯೆ, ಮೊತ್ತಗಳು, ಆಯ್ದ ಖಾತೆಗಳು ಎರಡೂ ಕಡೆ ಸರಿಹೊಂದಬೇಕು; ಕೆಲವು ಕಾಲ ಎರಡು ಯಂತ್ರಗಳೂ ಒಂದೇ ವ್ಯವಹಾರವನ್ನು ಬರೆಯುತ್ತಿರಬೇಕು. ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿದ್ದರಿಂದ ಸಾರ್ವಜನಿಕ ಸಂಸ್ಥೆಗಳಿಗೆ ಈ ಮಾರ್ಗವು ಇನ್ನಷ್ಟು ಪ್ರಶಸ್ತವಾಗಿದೆ.

ಬದಲಾವಣೆಗೆ ಅಡಿಕೆಯ ಸುಗ್ಗಿ ಮುಗಿದು ವ್ಯಾಪಾರ ತಗ್ಗಿದ ತಿಂಗಳನ್ನು ಆರಿಸಿಕೊಳ್ಳುವುದು ಲೇಸು. ಬದಲಾದ ಮೇಲೂ ಹೊಸ ನಮೂದುಗಳನ್ನು ಹಳೆಯದಕ್ಕೆ ಹಿಮ್ಮುಖವಾಗಿ ಕಳುಹಿಸುತ್ತಿದ್ದರೆ, ಅಗತ್ಯ ಬಿದ್ದಾಗ ಯಾವ ಬೆಳೆಗಾರನ ತೂಕವನ್ನೂ ಕಳೆದುಕೊಳ್ಳದೆ ಹಿಂದಿರುಗಬಹುದು. ವಾರ್ಷಿಕ ಲೆಕ್ಕ ತಪಾಸಣೆಯೊಂದು ಹೊಸ ಯಂತ್ರದ ಮೇಲೆಯೇ ಪೂರ್ತಿ ನಡೆದು, ಶಿಲ್ಕುಗಳೆಲ್ಲ ಸರಿಹೊಂದಿದ ತರುವಾಯವಷ್ಟೇ ಹಳೆಯ ಪರವಾನಗಿಯನ್ನು ನವೀಕರಿಸದೆ ಬಿಡತಕ್ಕದ್ದು.