ಅಪ್ಪನ ಆಂಪ್ಲಿಫೈಯರ್‌ಗೆ ಆರು ಗುಂಡಿ

ಧಾರವಾಡದ ನಮ್ಮ ಮನೆಯ ಹಾಲ್‌ನಲ್ಲಿ ಅಪ್ಪ 1994ರಲ್ಲಿ ಕೊಂಡ ಒಂದು ಸ್ಟೀರಿಯೊ ಆಂಪ್ಲಿಫೈಯರ್ ಇದೆ. ಜೊತೆಗೆ ಸೊಂಟದೆತ್ತರದ ಎರಡು ಸ್ಪೀಕರ್. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಅರಿಯರ್ಸ್ ಬಂದ ದುಡ್ಡಿನಲ್ಲಿ, ಅಜ್ಜನ ಕೈಲಿ ಬೈಸಿಕೊಂಡು ತಂದದ್ದಂತೆ. ಬೆಳಿಗ್ಗೆ ಆರಕ್ಕೆ ಮಲ್ಲಿಕಾರ್ಜುನ ಮನ್ಸೂರರದ್ದೋ ಬಸವರಾಜ ರಾಜಗುರುಗಳದ್ದೋ ಸಿಡಿ ಹಾಕದೆ ಅವರ ದಿನ ಶುರುವಾಗುತ್ತಲೇ ಇರಲಿಲ್ಲ. ನಾನು ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದ್ದು ಆ ತಾನಪುರದ ದನಿಯ ಪಕ್ಕದಲ್ಲೇ.

ಎರಡು ವರ್ಷದ ಹಿಂದೆ ಸಿಡಿ ಪ್ಲೇಯರ್‌ನ ಲೇಸರ್ ಕೆಟ್ಟಿತು. ರಿಪೇರಿಯವರು ಬಿಡಿಭಾಗ ಸಿಗುವುದಿಲ್ಲ ಅಂದರು. ಅಪ್ಪ ಏನೂ ಹೇಳಲಿಲ್ಲ. ಮೊಬೈಲನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ, ಅದರಲ್ಲೇ ಹಾಡು ಕೇಳತೊಡಗಿದರು. ನಡುವೆ ಜಾಹೀರಾತು ಬಂದಾಗ ಮುಖ ಕಿವುಚಿಕೊಳ್ಳುತ್ತಿದ್ದರು. ಆಮೇಲಾಮೇಲೆ ಬೆಳಗಿನ ಹಾಡು ಪೂರಾ ನಿಂತೇಹೋಯಿತು.

ಕಳೆದ ದೀಪಾವಳಿಗೆ ಬೆಂಗಳೂರಿನ ಹಾಸ್ಟೆಲ್‌ನಿಂದ ಊರಿಗೆ ಹೋದಾಗ ಅವ್ವ, ‘ಆ ಡಬ್ಬಿ ಗುಜರಿಗೆ ಹಾಕಿ, ಟಿ.ವಿ. ಕೆಳಗ ಒಂದು ಸೌಂಡ್‌ಬಾರ್ ತರೋಣೇನು?’ ಅಂತ ಕೇಳಿದಳು. ಅಂಗಡಿಯವರು ಎಕ್ಸ್‌ಚೇಂಜ್‌ನಲ್ಲಿ ಸಾವಿರ ರೂಪಾಯಿ ಬಿಡುತ್ತೇವೆ ಅಂದಿದ್ದರು. ಅಪ್ಪ ‘ನೋಡೋಣ’ ಅಂದರು. ನಮ್ಮ ಅಪ್ಪ ‘ನೋಡೋಣ’ ಅಂದರೆ ಬೇಡ ಅಂತ ಅರ್ಥ. ಇಂಟರ್ನ್‌ಶಿಪ್‌ನ ಸ್ಟೈಪೆಂಡ್‌ನಲ್ಲಿ ಉಳಿಸಿದ 9 ಸಾವಿರ ರೂಪಾಯಿ ನನ್ನ ಬಳಿ ಇತ್ತು. ಇಷ್ಟರಲ್ಲಿ ಈ ಆಂಪ್ಲಿಫೈಯರ್ ಉಳಿಸುತ್ತೇನೆ ಅಂತ ಹಟಕ್ಕೆ ಬಿದ್ದೆ.

ಆಂಪ್ಲಿಫೈಯರ್‌ನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಹಿಂದುಗಡೆಯ ಕೆಂಪು–ಬಿಳಿ ಆರ್‌ಸಿಎ ಸಾಕೆಟ್‌ಗಳಿಗೆ ಯಾವ ಮೂಲದಿಂದ ಸಂಗೀತ ಬಂದರೂ ಅದು ನುಡಿಸುತ್ತದೆ. ಬೇಕಿದ್ದದ್ದು ಸಿಡಿ ಪ್ಲೇಯರ್‌ನ ಜಾಗಕ್ಕೆ ಕೂರುವ ಇನ್ನೊಂದು ಮೂಲ. ಅದೇ ನೆಟ್‌ವರ್ಕ್ ಸ್ಟ್ರೀಮರ್. ಮನೆಯ ವೈಫೈ ಅಥವಾ ಲ್ಯಾನ್ ಕೇಬಲ್ ಮೂಲಕ ಇಂಟರ್‌ನೆಟ್‌ನಿಂದಲೋ, ಮನೆಯಲ್ಲೇ ಇರುವ ಹಾರ್ಡ್‌ಡಿಸ್ಕ್‌ನಿಂದಲೋ ಹಾಡಿನ ಫೈಲ್ ಎಳೆದುಕೊಂಡು, ಡ್ಯಾಕ್ ಎಂಬ ಚಿಪ್‌ನಿಂದ ಅಂಕಿಗಳನ್ನು ವಿದ್ಯುತ್ ಅಲೆಯಾಗಿಸಿ ಆಂಪ್ಲಿಫೈಯರ್‌ಗೆ ಕೊಡುವ ಪುಟ್ಟ ಪೆಟ್ಟಿಗೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. 700 ರೂಪಾಯಿ ಕೊಟ್ಟು ಬ್ಲೂಟೂತ್ ರಿಸೀವರ್ ತಂದೆ. ಮೊದಲ ದಿನ ಅಪ್ಪನ ಮುಖ ಅರಳಿತು. ಎರಡನೇ ದಿನ ಆಲಾಪದ ನಡುವೆ ಅವರ ಮೊಬೈಲ್‌ಗೆ ಸಾಲ ಬೇಕೇ ಅಂತ ಯಾರೋ ಕರೆ ಮಾಡಿದರು. ಹಾಡು ನಿಂತು ರಿಂಗ್‌ಟೋನ್ ಕೇಳಿಸಿತು. ಮೊಬೈಲ್ ಹಿಡಿದು ಹಿತ್ತಲಿಗೆ ಹೋದರೆ ಹಾಡು ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಬ್ಲೂಟೂತ್‌ನಲ್ಲಿ ಹಾಡು ಸಾಗುವುದು ಮೊಬೈಲ್ ಮೂಲಕವೇ. ಮೊಬೈಲ್ ಅದನ್ನು ಮತ್ತೊಮ್ಮೆ ಸಂಕುಚಿಸಿ ಗಾಳಿಯಲ್ಲಿ ಕಳಿಸುತ್ತದೆ. ಸ್ಟ್ರೀಮರ್‌ನಲ್ಲಿ ಹಾಗಲ್ಲ. ಮೊಬೈಲ್ ಬರೀ ರಿಮೋಟ್‌ನಂತೆ ‘ಇದನ್ನು ನುಡಿಸು’ ಅನ್ನುತ್ತದೆ. ಫೈಲ್ ತರುವುದು ಸ್ಟ್ರೀಮರೇ. ಆಮೇಲೆ ಮೊಬೈಲ್ ಸ್ವಿಚ್ ಆಫ್ ಆದರೂ ಹಾಡು ನಡೆಯುತ್ತದೆ. ಸ್ಪಾಟಿಫೈ ಕನೆಕ್ಟ್ ಕೆಲಸ ಮಾಡುವುದೂ ಹೀಗೆಯೇ.

ಮುಂದಿನ ಎರಡು ವಾರ ಸ್ಪೆಸಿಫಿಕೇಷನ್ ಓದುವುದರಲ್ಲೇ ಕಳೆದೆ. 24 ಬಿಟ್, 192 ಕಿಲೋಹರ್ಟ್ಸ್, 32 ಬಿಟ್, 768 ಕಿಲೋಹರ್ಟ್ಸ್ ಅಂತ ಒಂದಕ್ಕಿಂತ ಒಂದು ದೊಡ್ಡ ಅಂಕಿ. ದೊಡ್ಡದೇ ಒಳ್ಳೆಯದು ಅಂದುಕೊಂಡಿದ್ದೆ. ಆಗ ನೆನಪಾದದ್ದು ನಾಲ್ಕನೇ ಸೆಮಿಸ್ಟರ್‌ನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಸ್ಯಾಂಪ್ಲಿಂಗ್ ಥಿಯರಮ್. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿರುತ್ತಾರೆ. ಹಾಗೆ ಅಳೆದರೆ ಅದರ ಅರ್ಧ, ಅಂದರೆ 22,050 ಹರ್ಟ್ಸ್‌ಗಿಂತ ಕೆಳಗಿನ ದನಿಯನ್ನೆಲ್ಲ ಮರಳಿ ಕಟ್ಟಬಹುದು. ಮನುಷ್ಯನ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್. ವಯಸ್ಸಾದಂತೆ ಅದೂ ಇಳಿಯುತ್ತದೆ. ಸಿಡಿಯ 16 ಬಿಟ್‌ನಲ್ಲಿ ಅತಿ ಮೆಲುದನಿಗೂ ಅತಿ ಜೋರು ದನಿಗೂ ಸುಮಾರು 96 ಡೆಸಿಬಲ್ ಅಂತರ ಹಿಡಿಸುತ್ತದೆ. ಫ್ಯಾನ್ ತಿರುಗುವ, ಎದುರು ರಸ್ತೆಯಲ್ಲಿ ಟಂಟಂ ಓಡುವ ನಮ್ಮ ಹಾಲ್‌ಗೆ ಅದೇ ಧಾರಾಳ. ಅಪ್ಪನ ಬಳಿ ಇರುವುದೆಲ್ಲ ಸಿಡಿ. ಅದರಲ್ಲಿ ಇಲ್ಲದ್ದನ್ನು 768 ಎಂಬ ಅಂಕಿ ಎಲ್ಲಿಂದ ತಂದುಕೊಡುತ್ತದೆ?

ಹಾಗಂತ ಡ್ಯಾಕ್ ಯಾವುದಾದರೂ ಸರಿ ಅಂತಲ್ಲ. ಸೀನಿಯರ್ ಒಬ್ಬರಿಂದ 2,000 ರೂಪಾಯಿಗೆ ಹಳೆಯ ರಾಸ್‌ಬೆರಿ ಪೈ 3 ಕೊಂಡು, ಅದರ ಹೆಡ್‌ಫೋನ್ ಸಾಕೆಟ್‌ನಿಂದಲೇ ನೇರ ಆಂಪ್ಲಿಫೈಯರ್‌ಗೆ ಕೊಟ್ಟು ನೋಡಿದೆ. ‘ಯಾರೋ ಅಕ್ಕಿ ಕೇರಿದಂಗ ಕೇಳಸ್ತದಲ್ಲೋ’ ಅಂದಳು ಅವ್ವ. ಆ ಸಾಕೆಟ್‌ನಲ್ಲಿ ಸರಿಯಾದ ಡ್ಯಾಕ್ ಇಲ್ಲ. ಪಲ್ಸ್‌ಗಳ ಅಗಲ ಹಿಗ್ಗಿಸಿ ಕುಗ್ಗಿಸಿ, ಫಿಲ್ಟರ್ ಮಾಡಿ ದನಿ ಹೊರಡಿಸುವ ಅಗ್ಗದ ಉಪಾಯ ಅದು. ಮಂಡಳಿಯ ಮೇಲೆ ಕೂರುವ ಪಿಸಿಎಂ5122 ಚಿಪ್‌ನ ಡ್ಯಾಕ್ ಬೋರ್ಡ್ ಹಾಕಿದ ಮೇಲೆ ಅಕ್ಕಿ ಕೇರುವುದು ನಿಂತಿತು. ಸಾಧಾರಣ ಮಟ್ಟದ ಒಳ್ಳೆಯ ಡ್ಯಾಕ್ ತಲುಪುವವರೆಗೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಅಲ್ಲಿಂದ ಮೇಲೆ ನನ್ನ ಕಿವಿಗೆ ಗೊತ್ತಾಗಲಿಲ್ಲ.

ಹಾಗಾದರೆ ಸಿದ್ಧ ಪೆಟ್ಟಿಗೆಯನ್ನೇ ಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಬ್ಲೂಸೌಂಡ್ ನೋಡ್‌ನಂಥದ್ದು ನನ್ನ 9 ಸಾವಿರಕ್ಕೆ ಕನಸಿನ ಮಾತು. ವಿಮ್ ಕಂಪನಿಯ ಚಿಕ್ಕ ಪೆಟ್ಟಿಗೆಗಳು ಮನಸ್ಸಿಗೆ ಬಂದಿದ್ದವು. ಬೆಸುಗೆ, ಲಿನಕ್ಸ್ ಅಂದರೆ ಬೇಸರ ಪಡುವವರಿಗೆ ಅವೇ ವಾಸಿ. ನನ್ನನ್ನು ತಡೆದದ್ದು ಬೇರೆ ಒಂದು ಸಂಗತಿ. ಆಂಪ್ಲಿಫೈಯರ್‌ಗೆ ವಯಸ್ಸಾದರೂ ಅದು ಯಾರನ್ನೂ ಕೇಳದೆ ಕೆಲಸ ಮಾಡುತ್ತದೆ. ಸ್ಟ್ರೀಮರ್ ಹಾಗಲ್ಲ; ಅದರ ಜೀವ ಸಾಫ್ಟ್‌ವೇರ್‌ನಲ್ಲಿದೆ. ಗೂಗಲ್ 2015ರಲ್ಲಿ ತಂದ ಕ್ರೋಮ್‌ಕಾಸ್ಟ್ ಆಡಿಯೊ, ಹಳೆಯ ಆಂಪ್ಲಿಫೈಯರ್‌ಗಳಿಗೆ ಹೇಳಿ ಮಾಡಿಸಿದಂಥ ಅಗ್ಗದ ಸ್ಟ್ರೀಮರ್. 2019ರಲ್ಲಿ ಅದರ ತಯಾರಿಕೆ ನಿಂತಿತು. 2025ರ ಮಾರ್ಚ್‌ನಲ್ಲಿ ಒಂದು ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದದ್ದೇ ತಡ, ಚೆನ್ನಾಗಿದ್ದ ಪೆಟ್ಟಿಗೆಗಳು ಜಗತ್ತಿನಾದ್ಯಂತ ಒಂದೇ ದಿನ ಮೂಕವಾದವು. ಕೆಲವು ದಿನಗಳಲ್ಲಿ ಕಂಪನಿ ಸರಿಪಡಿಸಿತು, ನಿಜ. ಆದರೆ ಸರಿಪಡಿಸುವ ಶಕ್ತಿ ಪೆಟ್ಟಿಗೆ ಕೊಂಡವರ ಕೈಯಲ್ಲಿ ಇರಲಿಲ್ಲ.

ಇದಕ್ಕೆ ಎದುರಾದ ಕಥೆಯೂ ಉಂಟು. ಲಾಜಿಟೆಕ್ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಸ್ಟ್ರೀಮರ್‌ಗಳನ್ನು 2012ರಲ್ಲಿ ನಿಲ್ಲಿಸಿತು. ಆದರೆ ಅವನ್ನು ನಡೆಸುವ ಸರ್ವರ್ ತಂತ್ರಾಂಶ ಓಪನ್ ಸೋರ್ಸ್ ಆಗಿತ್ತು. ಹವ್ಯಾಸಿಗಳು ಅದನ್ನು ಕೈಬಿಡಲಿಲ್ಲ. ಈಗ ಲೈರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಲ್ಲಿ ಅದು ಇನ್ನೂ ಬೆಳೆಯುತ್ತಿದೆ. ಹಳೆಯ ಸ್ಕ್ವೀಜ್‌ಬಾಕ್ಸ್‌ಗಳು ಇನ್ನೂ ಹಾಡುತ್ತಿವೆ. ನಾನು ಆರಿಸಿಕೊಂಡದ್ದು ಅದನ್ನೇ.

ಅದಕ್ಕೆ ಇನ್ನೂ ಎರಡು ಕಾರಣ ಇದ್ದವು. ಒಂದು, ಹಾಡಿನ ನಡುವಿನ ಮೌನ. ಹಿಂದೂಸ್ತಾನಿ ಸಿಡಿಗಳಲ್ಲಿ ಎಷ್ಟೋ ಸಲ ವಿಲಂಬಿತ್ ಒಂದು ಟ್ರ್ಯಾಕ್, ದ್ರುತ್ ಇನ್ನೊಂದು ಟ್ರ್ಯಾಕ್. ತಾನಪುರ ಮಾತ್ರ ನಡುವೆ ನಿಲ್ಲುವುದಿಲ್ಲ. ಕೆಲವು ಸ್ಟ್ರೀಮರ್‌ಗಳು, ಅದರಲ್ಲೂ ಡಿಎಲ್‌ಎನ್‌ಎ ಮೂಲಕ ನುಡಿಸುವಾಗ, ಮುಂದಿನ ಟ್ರ್ಯಾಕನ್ನು ಮೊದಲೇ ತಂದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅರ್ಧ ಸೆಕೆಂಡ್ ತಾನಪುರವೇ ಸತ್ತು ಮತ್ತೆ ಹುಟ್ಟುತ್ತದೆ. ಸಿನಿಮಾ ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಅಪ್ಪನಂಥವರಿಗೆ ಊಟದಲ್ಲಿ ಕಲ್ಲು ಸಿಕ್ಕಿದ ಹಾಗೆ. ಕೊಳ್ಳುವ ಮೊದಲು ‘ಗ್ಯಾಪ್‌ಲೆಸ್’ ಇದೆಯೇ ಅಂತ ನೋಡಿಕೊಳ್ಳಿ.

ಇನ್ನೊಂದು ಕಾರಣ ಕರೆಂಟು. ರಾಸ್‌ಬೆರಿ ಪೈ ಓಡುತ್ತಿರುವಾಗ ದಿಢೀರ್ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಹಾಳಾಗುವ ಅಪಾಯ ಇದೆ. ಪೈಕೋರ್‌ಪ್ಲೇಯರ್ ಎಂಬ ಪುಟ್ಟ ಲಿನಕ್ಸ್ ಶುರುವಾಗುವಾಗಲೇ ಪೂರ್ತಿ ರ‍್ಯಾಮ್‌ಗೆ ಏರಿಬಿಡುತ್ತದೆ. ಆ ಲಿನಕ್ಸ್ ಕಾರ್ಡಿನ ಮೇಲೆ ಸಾಮಾನ್ಯವಾಗಿ ಬರೆಯುತ್ತಿರುವುದಿಲ್ಲವಾದ್ದರಿಂದ ಸ್ವಿಚ್ ಆರಿಸಿದರೂ ಅಪಾಯ ಕಡಿಮೆ. ಲೈರಿಯನ್ ಸರ್ವರ್ ಅದರ ಮೇಲೇ ಕೂರುತ್ತದೆ.

ಅಪ್ಪನ 140 ಸಿಡಿಗಳನ್ನು ಗೆಳೆಯನ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದೊಂದಾಗಿ ಫ್ಲ್ಯಾಕ್ ಫೈಲ್‌ಗಳಾಗಿ ಇಳಿಸಿದೆ. ಸಿಡಿಯ ದನಿ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್ ಏನನ್ನೂ ಕಳೆಯದೆ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ತರುತ್ತದೆ. ಇಡೀ ಸಂಗ್ರಹ 64 ಜಿಬಿ ಪೆನ್‌ಡ್ರೈವ್‌ನಲ್ಲಿ ಕೂತಿತು. ಎಲ್ಲ ಸೇರಿ ಖರ್ಚು 6,300 ರೂಪಾಯಿ. ಡ್ಯಾಕ್‌ನ ತಂತಿಯನ್ನು ಆಂಪ್ಲಿಫೈಯರ್‌ನ ಸಿಡಿ ಸಾಕೆಟ್‌ಗೇ ಹಾಕಿದೆ. ನೀವೂ ಮಾಡುವುದಾದರೆ ‘ಫೋನೊ’ ಎಂದು ಬರೆದ ಸಾಕೆಟ್‌ಗೆ ಮಾತ್ರ ಹಾಕಬೇಡಿ. ಅದು ಗ್ರಾಮಫೋನ್ ತಟ್ಟೆಯ ಸೂಜಿಯಿಂದ ಬರುವ ಮಿಲಿವೋಲ್ಟ್‌ಗಳಿಗೆ ಮೀಸಲು. ಡ್ಯಾಕ್ ಕೊಡುವ ಎರಡು ವೋಲ್ಟ್‌ಗೆ ದನಿ ಒಡೆದುಹೋಗುತ್ತದೆ. ಸ್ಟ್ರೀಮರ್‌ನ ವಾಲ್ಯೂಮ್ ಪೂರ್ತಿ ಇಟ್ಟು, ಏರಿಳಿಸಲು ಆಂಪ್ಲಿಫೈಯರ್‌ನ ಗುಬುಟನ್ನೇ ಬಿಟ್ಟೆ. ಅಪ್ಪನ ಕೈಗೆ ಅದು ರೂಢಿ.

ಮನ್ಸೂರರ ದನಿ ಹಾಲ್ ತುಂಬಿತು. ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಅವರ ಮೊಬೈಲ್‌ಗೆ ಆ್ಯಪ್ ಹಾಕಿ, ಹೇಗೆ ಅಂತ ಮೂರು ಸಲ ತೋರಿಸಿ, ಗೆದ್ದೆ ಅಂದುಕೊಂಡು ಬೆಂಗಳೂರಿನ ಬಸ್ ಹತ್ತಿದೆ.

ಮೂರು ವಾರ ಬಿಟ್ಟು ಫೋನ್‌ನಲ್ಲಿ ಕೇಳಿದೆ, ‘ಅಪ್ಪಾ, ಹಾಡು ಹೆಂಗ ಕೇಳಸ್ತದ?’

‘ಅದೇನೋ ಅಪ್‌ಡೇಟ್ ಕೇಳ್ತದಪ್ಪ. ಒತ್ತಿದ್ರ ಪಾಸ್‌ವರ್ಡ್ ಕೇಳ್ತದ. ನೀ ಬಂದಾಗ ನೋಡೋಣಂತ ಬಿಟ್ಟೀನಿ’ ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, ‘ಸಿಡಿ ಇದ್ದಾಗ ಯಾರನ್ನೂ ಕೇಳೂದು ಇರಲಿಲ್ಲ ನೋಡು’ ಅಂದರು.

ಮೂರು ವಾರವೂ ಲೋಟದೊಳಗಿನ ಮೊಬೈಲೇ ಹಾಡಿತ್ತು. ಕಂಪನಿಗಳ ಹಂಗು ಬೇಡ ಅಂತ ಇಷ್ಟೆಲ್ಲ ಮಾಡಿದವನು, ಅಪ್ಪನನ್ನು ನನ್ನ ಹಂಗಿಗೆ ಹಾಕಿ ಬಂದಿದ್ದೆ. ಡ್ಯಾಕ್, ಗ್ಯಾಪ್‌ಲೆಸ್, ಓಪನ್ ಸೋರ್ಸ್ ಎಲ್ಲ ಯೋಚಿಸಿದ್ದೆ. ಬೆಳಿಗ್ಗೆ ಆರಕ್ಕೆ, ಕನ್ನಡಕ ಹಾಕುವ ಮುಂಚೆ, 58 ವರ್ಷದ ಒಬ್ಬ ಮನುಷ್ಯ ಇದನ್ನು ಹೇಗೆ ಹಚ್ಚುತ್ತಾನೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋಗುವಾಗ ಟಿಎಸ್‌ಒಪಿ ಎಂಬ ಮೂರು ಕಾಲಿನ ಇನ್‌ಫ್ರಾರೆಡ್ ರಿಸೀವರ್ ಒಯ್ದೆ. ನಮ್ಮ ಲ್ಯಾಬ್‌ನಲ್ಲಿ ಎಲ್ಲರೂ ಬಳಸುವ, ಕೆಲವು ಹತ್ತುಗಳ ರೂಪಾಯಿ ಬೆಲೆಯ ಬಿಡಿಭಾಗ. ಅದನ್ನು ಪೈಗೆ ಬೆಸೆದು, ಅಟ್ಟದ ಮೇಲಿದ್ದ ಹಳೇ ಡಿವಿಡಿ ಪ್ಲೇಯರ್‌ನ ರಿಮೋಟ್ ತೆಗೆದು, ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. 1 ಒತ್ತಿದರೆ ಮನ್ಸೂರ್, 2 ರಾಜಗುರು, 3 ಗಂಗೂಬಾಯಿ ಹಾನಗಲ್, 4 ಭೀಮಸೇನ ಜೋಶಿ, 5 ಕುಮಾರ ಗಂಧರ್ವ, 6 ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ‘ರಾಗಂ’ ವಾಹಿನಿ. ಆರನೆಯದಕ್ಕೆ ಮಾತ್ರ ಇಂಟರ್‌ನೆಟ್ ಬೇಕು. ಮಿಕ್ಕ ಐದಕ್ಕೆ ವೈಫೈಯೂ ಬೇಡ, ಮೊಬೈಲೂ ಬೇಡ, ನಾನೂ ಬೇಡ. ಉಳಿದ ಗುಂಡಿಗಳ ಮೇಲೆ ಅವ್ವ ಇನ್ಸುಲೇಷನ್ ಟೇಪ್ ಅಂಟಿಸಿದಳು.

ಸ್ಟ್ರೀಮರ್ ಕೊಳ್ಳಬೇಕು ಅಂತಿರುವ ಗೆಳೆಯರಿಗೆ ನನ್ನದು ಮೂರು ಪ್ರಶ್ನೆ. ಇಂಟರ್‌ನೆಟ್ ಇಲ್ಲದ ದಿನ ಇದು ಹಾಡುತ್ತದೆಯೇ? ಕಂಪನಿ ಕೈಬಿಟ್ಟರೆ ಇದನ್ನು ನಡೆಸುವವರು ಯಾರಾದರೂ ಇದ್ದಾರೆಯೇ? ನೀವು ಮನೆಯಲ್ಲಿ ಇಲ್ಲದಾಗ ಮನೆಯವರು ಇದನ್ನು ಹಚ್ಚಬಲ್ಲರೇ? ಈ ಮೂರಕ್ಕೂ ಹೌದು ಅನ್ನಿಸಿದ ಮೇಲೆ ಬಿಟ್, ಕಿಲೋಹರ್ಟ್ಸ್ ನೋಡಿ. ನಾನು ತಲೆಕೆಳಗಾಗಿ ನೋಡಿದ್ದರಿಂದ ಎರಡು ತಿಂಗಳು ಹೋಯಿತು.

ಕಳೆದ ವಾರ ಇಂಟರ್ನಲ್ಸ್‌ಗೆ ಓದುತ್ತಿದ್ದಾಗ ಬೆಳಿಗ್ಗೆ ಆರೂವರೆಗೆ ಅಪ್ಪನ ಫೋನ್ ಬಂತು. ಏನಾಯಿತೋ ಅಂತ ಗಾಬರಿಯಿಂದ ಎತ್ತಿದೆ.

‘ಎರಡನೇ ಗುಂಡ್ಯಾಗ ಮೊದಲು ದ್ರುತ್ ಬರ್ತದ, ಆಮ್ಯಾಲೆ ವಿಲಂಬಿತ್. ಉಲ್ಟಾ ಆಗೇದ, ಸರಿಮಾಡು’ ಅಂದರು.

ಆ ಸಿಡಿಗೆ ಟ್ರ್ಯಾಕ್ ನಂಬರ್ ಹಾಕುವುದು ಮರೆತಿದ್ದೆ. ಸರ್ವರ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಜೋಡಿಸಿತ್ತು. ಡಿ ಮೊದಲು, ವಿ ಆಮೇಲೆ. ಯುಗಾದಿಗೆ ಬಂದಾಗ ಸರಿಮಾಡುತ್ತೇನೆ ಅಂದೆ. ಫೋನ್ ಇಡುವ ಮುಂಚೆ ಹಿಂದಿನಿಂದ ತಾನಪುರ ಕೇಳಿಸುತ್ತಿತ್ತು.